ಕೆಮ್ಮಿನ ಠರಾವು

ಖೊಕ್—ಒಂದೇ ಒಂದು, ಹಿಂದಿನ ಸೀಟಿನಿಂದ, ಅಷ್ಟಕ್ಕೇ ಸೆರಗಿನ ಕೆಳಗೆ ಗುರುಲಿಂಗಮ್ಮನ ಬಲಗೈ ಮಡಿಲು ಬಿಟ್ಟು ಗೇಣುದ್ದ ಮೇಲೆದ್ದು ನಿಂತಿತ್ತು, ಎಲಾ ಇದರ, ಎಪ್ಪತ್ತು ದಾಟಿದರೂ ಈ ಕೈಗೆ ಮರೆವು ಬಂದಿಲ್ಲವಲ್ಲ, ಎಡಗೈಯಿಂದ ಅದರ ಮಣಿಕಟ್ಟು ಹಿಡಿದು ಕೂರಿಸಬೇಕಾಯಿತು, ಕೂಡು, ಕೂಡು, ಇದು ಠರಾವಿನ ಕೆಮ್ಮಲ್ಲ, ಹನುಮಂತಮ್ಮನಿಗೆ ಥಂಡಿ ಹತ್ತಿದೆ ಅಷ್ಟೇ, ಗಾಡಿಯೊಳಗೆ ಬೆಳಬೆಳಗ್ಗೆ ಎ.ಸಿ. ಹಚ್ಚಿದರೆ ಇನ್ನೇನಾಗುತ್ತದೆ—ಕಿಟಕಿಯಾಚೆ ಮರಳಿ ಊರಿನ ಗದ್ದೆಗಳು ಹಸಿರಾಗಿ ಹಿಂದಕ್ಕೆ ಓಡುತ್ತಿವೆ, ಕಾಲುವೆಯ ನೀರು ಕುಡಿದ ಹೊಲಕ್ಕೆ ಏನು ಸೊಕ್ಕು, ನಮ್ಮ ಅಳವಂಡಿ ಕಡೆಯ ಎರೆಹೊಲ ಮಾತ್ರ ಮುಗಿಲಿಗೆ ಬಾಯಿ ತೆರೆದುಕೊಂಡೇ ಇರುತ್ತದೆ—ಛೆ, ಹೊಲದ ಚಿಂತೆ ಈಗ ಯಾಕೆ, ಊರು ಹತ್ತಿರ ಬರುತ್ತಿದೆ. ಗೋಕರ್ಣ ತೋರಸ್ತೀವಿ ಬರ್ರಿ ಅಂತ ಹೆಣ್ಣು ಮೆಂಬರುಗಳನ್ನೆಲ್ಲ ಗಾಡಿ ಹತ್ತಿಸಿಕೊಂಡದ್ದು, ಗೋಕರ್ಣವನ್ನೂ ತೋರಿಸಿದರು, ಸುಳ್ಳಲ್ಲ, ಆಮೇಲೆ ತಂದು ಆನೆಗೊಂದಿ ಕಡೆಯ ರೆಸಾರ್ಟೊಂದರಲ್ಲಿ ಇಳಿಸಿ ಮೊಬೈಲುಗಳನ್ನು ಕಸಿದು ಚೀಲಕ್ಕೆ ಹಾಕಿದರು, ಇದಕ್ಕೆ ಪ್ರವಾಸ ಅನ್ನುತ್ತಾರೆ, ಪ್ರವಾಸವೋ ಸೆರೆವಾಸವೋ, ಯಾರೂ ಮೆಂಬರುಗಳ ಕಿವಿ ಊದಬಾರದು, ಮತ ಹಾಕುವ ದಿವಸ ಗಾಡಿಯಿಂದ ನೇರ ಸಭೆಯ ಬಾಗಿಲಿಗೇ ಇಳಿಸಬೇಕು, ಈಗ ಎಲ್ಲ ಊರಲ್ಲೂ ಇದೇ ಪದ್ಧತಿ. ಇವತ್ತು ಆ ದಿವಸ. ಇವತ್ತು ಗ್ರಾಮ ಪಂಚಾಯ್ತಿಯ ಅಧ್ಯಕ್ಷೆ ಗಾಳೆಮ್ಮನ ಮೇಲೆ ಅವಿಶ್ವಾಸ. ಗಂಡಸು ಮೆಂಬರುಗಳು ಇನ್ನೊಂದು ಗಾಡಿಯಲ್ಲಿ ಮುಂದೆ ಹೋಗಿದ್ದಾರೆ, ಅವರ ಕೈ ಗಟ್ಟಿ, ಆದರೆ ಅವರ ಕೈಯಷ್ಟೇ ಸಾಲದು, ಹೆಂಗಸರಲ್ಲಿ ಮೂವರ ಕೈ ಮೇಲೆದ್ದರೆ ಗಾಳೆಮ್ಮ ಕುರ್ಚಿ ಬಿಟ್ಟು ಏಳಬೇಕು, ಈ ಗಾಡಿಯಲ್ಲಿ ಹೆಂಗಸರು ಐವರಿದ್ದಾರೆ, ಹನುಮಂತಮ್ಮ, ಪಾರಮ್ಮ, ಸೈದಾನಬಿ, ಸೊಸೆ ಐಶ್ವರ್ಯ, ಮತ್ತು ತಾನು, ತಾನು ಅಂದರೆ ಯಾರು, ಒಂದು ಕಾಲದ ಮಂಡಲ ಪ್ರಧಾನರು, ಈಗ ಮಗ ನಿಲ್ಲಿಸಿ ಗೆಲ್ಲಿಸಿದ ಬರೀ ಮೆಂಬರು, ಮಗನ ಮನೆಯ ರೊಟ್ಟಿ ತಿನ್ನುವ ಮುದುಕಿ.

ಮಗ ಮುಂದಿನ ಸೀಟಿನಲ್ಲಿದ್ದಾನೆ, ಡ್ರೈವರನ ಪಕ್ಕ, ಕುತ್ತಿಗೆಯ ಹಿಂದೆ ಕ್ಷೌರದ ಗೆರೆ ಹೊಸದಾಗಿದೆ, ಪಂಪಾಪತಿ—ಹೆಸರಿನಲ್ಲೇ ಪತಿಯನ್ನಿಟ್ಟುಕೊಂಡು ಹುಟ್ಟಿದವನು, ಅಧ್ಯಕ್ಷೆಯ ಪತಿಯಾದರೆ ಪಂಚಾಯ್ತಿಯ ಅಧಿಪತಿಯಾಗಬಹುದೆಂದು ಲೆಕ್ಕ ಹಾಕಿದವನು, ಕುರ್ಚಿ ಹೆಂಗಸಿಗೇ ಮೀಸಲು, ಹಾಗಾಗಿ ಗಾಳೆಮ್ಮ ಇಳಿದರೆ ಐಶ್ವರ್ಯ ಹತ್ತುತ್ತಾಳೆ. ಗಾಳೆಮ್ಮ ಮಾಡಿದ ತಪ್ಪಾದರೂ ಏನು, ಆ ಡಾಂಗಲ್ಲು, ಬೆರಳುದ್ದದ ಒಂದು ಕೀಲಿ, ಕಂಪ್ಯೂಟರಿಗೆ ಅದನ್ನು ಚುಚ್ಚಿ ಅಧ್ಯಕ್ಷರು ಹೂಂ ಅಂದರೇನೇ ಯಾವ ಕಾಮಗಾರಿಯ ಬಿಲ್ಲಾದರೂ ಪಾಸಾಗುವುದು, ಸುತ್ತಲಿನ ಪಂಚಾಯ್ತಿಗಳಲ್ಲೆಲ್ಲ ಅದು ಗಂಡಂದಿರ ಕಿಸೆಯಲ್ಲಿರುತ್ತದೆ, ಗಾಳೆಮ್ಮ ಮಾತ್ರ ತನ್ನ ಎಲೆ ಅಡಿಕೆಯ ಚಂಚಿಯಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೆ, ಸುಣ್ಣದ ಡಬ್ಬಿಯ ಜೊತೆಗೆ, ಚರಂಡಿ ಕಟ್ಟಿದ ಬಿಲ್ಲು ತಂದ ಪಂಪಾಪತಿಗೆ ಮೊದ್ಲ ಚರಂಡಿ ತೋರಸಪಾ, ಆಮ್ಯಾಲ ಚಂಚಿ ಬಿಚ್ಚತೀನಿ ಅಂದಳಂತೆ, ಡಾಂಗಲ್ಲಿನಿಂದಲೇ ಶುರುವಾಯಿತು ಈ ದಂಗೆ. ನಮ್ಮ ಮಂದಿ ಬಾಲಪ್ಪನ್ನ ಕುಂದ್ರಿಸಿಕೊಂಡು ಮಾತಾಡಾಕಹತ್ತಾರ ಅಂತ ಪಂಪಾಪತಿ ಬೆಳಿಗ್ಗೆ ರೆಸಾರ್ಟಿನ ಅಂಗಳದಲ್ಲಿ ಹೆಂಗಸರನ್ನೆಲ್ಲ ನಿಲ್ಲಿಸಿ ಹೇಳಿದ, ಬಾಲಪ್ಪ ಗಾಳೆಮ್ಮನ ಗಂಡ, ಕಡೀ ಗಳಿಗಿಗಿ ಆಕಿ ಡಾಂಗಲ್ ಕೊಟ್ಲಂದ್ರ ಆಕೀನ ಇರ್ಲಿ, ನಮಗೇನು, ಕೊಡಲಿಲ್ಲಂದ್ರ ಇಳಸೂದ, ಆ ಫೈಸಲಾ ನೀವು ಒಳಗ ಹೋದಮ್ಯಾಲ ಆಗೂದು, ಮೊಬೈಲು ಒಳಗ ಬಿಡೂದಿಲ್ಲ, ಅದಕ್ಕ ನಮ್ಮ ಹಳೇ ಪದ್ಧತಿ, ಕಿಟಕ್ಯಾಗ ನಾವು ನಿಂತಿರತೀವಿ, ಒಂದ ಕೆಮ್ಮಿದರ ಎತ್ತೂದು, ಎರಡು ಕೆಮ್ಮಿದರ ಸುಮ್ಕ ಕುಂದ್ರೂದು, ಗೊತ್ತಾತಿಲ್ಲೋ, ಗೊತ್ತಿಲ್ಲದಿದ್ರ ನಮ್ಮವ್ವನ್ನ ಕೇಳ್ರಿ, ಆಕಿಗಿ ಇದರಾಗ ಡಿಗ್ರಿ ಆಗೇತಿ. ಎಲ್ಲರೂ ನಕ್ಕರು. ಆಮೇಲೆ ಅವನು ಒಂದು ಬಾಳೆಹಣ್ಣು ಸುಲಿದು ಅರ್ಧ ಮುರಿದು ತಾಯಿಯ ಕೈಗೆ ಕೊಟ್ಟು, ಅಷ್ಟೇ ಮೆತ್ತಗೆ, ಅವ್ವಾ, ನೀ ಎತ್ತಲಿಲ್ಲಂದ್ರ ಸಂಜಿಗಿ ನಮ್ಮ ಹೊಸ್ತಿಲ ದಾಟಬ್ಯಾಡ, ಅಂದ. ನಗುತ್ತಲೇ ಅಂದ. ಆ ಬಾಳೆಹಣ್ಣು ತಿಂದಾಗಿನಿಂದ ಗಂಟಲು ಕೆರೆಯುತ್ತಿದೆ, ಕೆಮ್ಮಬೇಕು ಅನ್ನಿಸುತ್ತದೆ, ಕೆಮ್ಮಬಾರದು, ಗಾಡಿಯಲ್ಲಿ ಈಗ ಯಾರು ಕೆಮ್ಮಿದರೂ ನಾಲ್ಕು ಕೈ ನಡುಗುತ್ತವೆ.

ಹೊಸ್ತಿಲು ದಾಟದಿದ್ದರೆ ಎಲ್ಲಿಗೆ ಹೋಗುವುದು, ಮನೆ ಅವನ ಹೆಸರಿಗೆ ಆಗಿಹೋಗಿದೆ, ಸೈ ಮಾಡಬೇ ಅಂದ, ಮಾಡಿದಳು, ಸೈ ಮಾಡುವುದಕ್ಕೇ ಅಲ್ಲವೇ ಅವಳು ರಾಜಕೀಯಕ್ಕೆ ಬಂದದ್ದು, ನೀ ಬರೇ ಸೈ ಮಾಡು ಸಾಕು, ಉಳದದ್ದು ನಾ ನೋಡ್ಕೊಂತೀನಿ—ಇದು ದೊಡ್ಡಬಸಪ್ಪನ ದನಿ, ಗಂಡನ ದನಿ, ಎಂಬತ್ತೇಳರಲ್ಲಿ, ಆಗಿನ್ನೂ ನಮ್ಮದು ರಾಯಚೂರು ಜಿಲ್ಲೆ, ಮಂಡಲ ಪಂಚಾಯ್ತಿ ಅಂತ ಹೊಸದು ಬಂತು, ಹೆಂಗಸರಿಗೂ ಸೀಟು ಅಂದರು, ಊರ ಗಂಡಸರು ಕಟ್ಟೆಯ ಮೇಲೆ ಕುಂತು ಬಿದ್ದೂ ಬಿದ್ದೂ ನಕ್ಕರು, ನಕ್ಕಾದ ಮೇಲೆ ಒಬ್ಬೊಬ್ಬರೇ ಮನೆಗೆ ಹೋಗಿ ಹೆಂಡಂದಿರ ಕೈಗೆ ಪೆನ್ನು ಕೊಟ್ಟರು. ಗೆದ್ದ ಮೇಲೆ ಪ್ರಧಾನರು ಯಾರು ಅನ್ನುವುದಕ್ಕೆ ಎರಡು ಪಾರ್ಟಿಗಳ ನಡುವೆ ಬಡಿದಾಟ, ಅಂಗಿ ಹರಿದವು, ಕಡೆಗೆ ಹಿರಿಯರು ಕುಂತು, ನಿಂದೂ ಬ್ಯಾಡ ಅವಂದೂ ಬ್ಯಾಡ, ಆ ದೊಡ್ಡಬಸಪ್ಪನ ಹೇಣ್ತಿ ಕುಂದರಲಿ, ಆಕಿ ಏನ್ ಮಾಡ್ತಾಳ, ಅಂದರು, ಹೀಗೆ ಪ್ರಧಾನರಾದಳು, ಯಾರಿಗೂ ಪ್ರಧಾನವಲ್ಲದ ಕಾರಣಕ್ಕೇ ಪ್ರಧಾನರಾದಳು. ಆಕಿ ಏನ್ ಮಾಡ್ತಾಳ—ಅದನ್ನು ಅಂದ ಹಿರಿಯ ವಿರುಪಣ್ಣನಿಗೆ ಮೂಗಿನಲ್ಲಿ ಮಾತಾಡುವ ಚಾಳಿ, ಆವತ್ತು ರಾತ್ರಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಅದೇ ಮೂಗಿನಲ್ಲಿ ಆಕಿ ಏಂ ಬಾಡ್ತಾಳ ಅಂದಳು, ಪಡಸಾಲೆಯಲ್ಲಿದ್ದ ಗಂಡ ಗಾಬರಿಯಾಗಿ ಬರ್ರಿ ವಿರುಪಣ್ಣಾರ ಅಂತ ಎದ್ದು ನಿಂತ, ಒಳಗೆ ಬಂದು ನೋಡಿದರೆ ಹೆಂಡತಿ, ಹಿಟ್ಟಿನ ಕೈ ಬಾಯಿಗೆ ಅಡ್ಡ ಹಿಡಿದುಕೊಂಡು ನಗುತ್ತಿದ್ದಾಳೆ. ಅದು ಹುಟ್ಟಿನಿಂದ ಬಂದದ್ದು, ತವರಿನಲ್ಲಿ ಸಾಲಿ ಮಾಸ್ತರರಾಗುತ್ತಿದ್ದಳು, ಮಠದ ಅಜ್ಜಾರಾಗುತ್ತಿದ್ದಳು, ಹಾಲು ಹಾಕುವವನಾಗಿ ತನ್ನ ಅವ್ವನನ್ನೇ ಚೆಂಬು ಹಿಡಿದು ಬಾಗಿಲಿಗೆ ಓಡಿಸುತ್ತಿದ್ದಳು, ಈ ಹುಡುಗಿದು ಬಾಯಲ್ಲ, ಟೇಪು, ಅನ್ನುತ್ತಿದ್ದಳು ಅವ್ವ, ಲಗ್ನ ಆದಮ್ಯಾಲ ಬಂದ್ ಮಾಡವ್ವಾ ಅಂತ ಕೈಮುಗಿದು ಕೇಳಿಕೊಂಡಿದ್ದಳು.

ಆಮೇಲೆ ಆ ಹೊಸ ಆಫೀಸರರು ಬಂದರು, ಸದಸ್ಯರು ಮಾತ್ರ ಒಳಗೆ, ಗಂಡಂದಿರು ಹೊರಗೆ, ಕಾನೂನು ಇದೆ ಅಂದರು, ಅವರದು ಮೈಸೂರ ಕಡೆಯ ಬಾಯಿ, ಮಾತಿಗೆ ಬೆಲ್ಲ ಸವರಿ ಕೊಡುತ್ತಿದ್ದರು, ಗಂಡಸರಿಗೆ ಬೆಲ್ಲ ಕಹಿಯಾಯಿತು. ಹೊರಗೆ ಹೋದವರು ಮನೆಗೇನು ಹೋಗಲಿಲ್ಲ, ಕಿಟಕಿಗೆ ಬಂದು ನಿಂತರು, ಹಳೆಯ ಚಾವಡಿಯ ಕಿಟಕಿ, ಕಬ್ಬಿಣದ ಸರಳು, ಸರಳಿನ ನಡುನಡುವೆ ಮೀಸೆಗಳು, ಜಮಖಾನದ ಮೇಲೆ ಸೆರಗು ಹೊದ್ದು ಕುಂತ ಹೆಂಗಸರು ಯಾವುದಕ್ಕೆ ಕೈ ಎತ್ತಬೇಕು ಯಾವುದಕ್ಕೆ ಎತ್ತಬಾರದು ಅಂತ ತಿಳಿಯುವುದಾದರೂ ಹೇಗೆ, ಆಗ ಹುಟ್ಟಿತು ಈ ಕೆಮ್ಮು, ಒಂದಕ್ಕೆ ಹೌದು, ಎರಡಕ್ಕೆ ಅಲ್ಲ, ಪ್ರತಿ ಹೆಂಗಸಿಗೂ ತನ್ನ ಗಂಡನ ಕೆಮ್ಮು ಗುರುತು, ಒಬ್ಬನದು ಬೀಡಿಯ ಕೆಮ್ಮು, ಕರಕರ ಅನ್ನುವುದು, ಒಬ್ಬನದು ಹಿತ್ತಲ ಬಾಗಿಲು ತೆಗೆದಂತೆ, ದೊಡ್ಡಬಸಪ್ಪನದು ಗತ್ತಿನ ಕೆಮ್ಮು, ಕೆಮ್ಮಿದ ಮೇಲೆ ಮೀಸೆ ಸವರಿಕೊಂಡ ಸದ್ದೂ ಕೇಳಬೇಕು ಹಾಗೆ. ಸಭೆಯೆಂದರೆ ದವಾಖಾನೆಯ ಹಾಗಿರುತ್ತಿತ್ತು, ಈ ಊರಾಗ ಕ್ಷಯ ಭಾಳ ಐತೇನ್ರಿ ಅಂತ ಆಫೀಸರರು ಗ್ರಾಮಸೇವಕನನ್ನು ಒಮ್ಮೆ ಗುಟ್ಟಾಗಿ ಕೇಳಿದ್ದರಂತೆ, ಅಯ್ಯ, ಮೈಸೂರಿನವರು ಹಾಗೆಲ್ಲಿ ಕೇಳುತ್ತಾರೆ, ತನ್ನ ನಾಲಿಗೆ ಅವರ ಬಾಯಿಗೂ ನಮ್ಮ ಮಾತನ್ನೇ ತುರುಕಿಬಿಟ್ಟಿತು ನೋಡು. ಆಮೇಲೆ ಬೋರಿನ ಠರಾವು. ಸರಕಾರದಿಂದ ಒಂದು ಬೋರು ಬಂದಿದೆ, ಎಲ್ಲಿ ಹೊಡೆಸಬೇಕು, ಕೇರಿಯ ಹೆಂಗಸರು ಹಳ್ಳದ ಒರತೆಗೆ ಹೋಗಿ ಬಟ್ಟಲಿನಿಂದ ತೋಡಿ ಕೊಡ ತುಂಬಿಸುತ್ತಿದ್ದರು, ಗಂಡಸರಿಗೆ ಅದು ತಮ್ಮ ಕಣದ ಪಕ್ಕ ಬೇಕು, ಕೇರಿಗೆ ಅಂದಾಗ ಎರಡು ಕೆಮ್ಮಬೇಕು ಅಂತ ಹಿಂದಿನ ದಿನವೇ ಕಟ್ಟೆಯ ಮೇಲೆ ತೀರ್ಮಾನ. ಆಫೀಸರರು ಕೇಳಿದರು, ಕೇರಿಗೆ ಕೊಡುವುದಕ್ಕೆ ಒಪ್ಪಿಗೆ ಇರುವವರು ಕೈ ಎತ್ತಿ. ಕಿಟಕಿಯಲ್ಲಿ ಮೀಸೆಗಳು ಇನ್ನೂ ಉಸಿರು ಎಳೆದುಕೊಳ್ಳುತ್ತಿವೆ, ಅಷ್ಟರಲ್ಲಿ ಪ್ರಧಾನರು ಸೆರಗನ್ನು ಮೂಗಿನವರೆಗೆ ಎಳೆದು, ತಲೆ ತಗ್ಗಿಸಿ, ಬೀಡಿಯ ಕೆಮ್ಮು ಒಂದು, ಹಿತ್ತಲ ಬಾಗಿಲು ಒಂದು, ಇನ್ನೊಂದು, ಮತ್ತೊಂದು, ಕಡೆಗೆ ತನ್ನ ಗಂಡನ ಗತ್ತಿನದೂ ಒಂದು, ಮೀಸೆಯ ಸಮೇತ—ಹೆಂಗಸರ ಕೈ ಪಟಪಟ ಮೇಲೆದ್ದವು, ಠರಾವು ಪಾಸು, ಗ್ರಾಮಸೇವಕ ಬರೆದುಕೊಂಡ, ಕಿಟಕಿಯಲ್ಲಿ ಒಬ್ಬನನ್ನೊಬ್ಬ ಬಯ್ಯುವುದು ಶುರುವಾಯಿತು, ಲೇ ನೀ ಯಾಕ ಒಂದ ಕೆಮ್ಮಿದೆಲೇ, ನಾ ಎಲ್ಲಿ ಕೆಮ್ಮೇನಿ, ನೀನ ಮೊದ್ಲ ಕೆಮ್ಮಿದಿ, ನಿಮ್ಮವ್ವನ, ಅಂತ.

ಆವತ್ತು ಸಂಜೆ ಕೇರಿಯ ಮೆಂಬರು ಬಂದು ಹಿತ್ತಲಲ್ಲಿ ನಿಂತಿದ್ದಳು, ಇಪ್ಪತ್ತೈದರ ಹುಡುಗಿ, ಕುರಿ ಮೇಯಿಸಿ ಮೇಯಿಸಿ ಬಿಸಿಲಿನಲ್ಲಿ ಕಬ್ಬಿಣದಂತಾದ ಮೈ, ಇದೇ ಗಾಳೆಮ್ಮ, ಅಕ್ಕಾರ ಒಂದ ಮಾತು ಕೇಳಲೇನ್ರಿ ಅಂದಳು, ನಮ್ಮ ಮನ್ಯಾವರು ದುಡಿಯಾಕ ಗೋವಾಕ್ಕ ಹೋಗ್ಯಾರ್ರಿ, ಹಬ್ಬಕ್ಕ ಬರ್ತಾರ, ಇವತ್ತ ಕಿಟಕ್ಯಾಗ ಅವರೂ ಕೆಮ್ಮಿದರಲ್ರಿ, ಗೋವಾದಿಂದ ಇಲ್ಲೀತನ ಹೆಂಗ ಕೇಳಿಸ್ತರಿ ಅದು. ಗುರುಲಿಂಗಮ್ಮ ಲೆಕ್ಕ ತಪ್ಪಿ ಬಾಲಪ್ಪನ ಕೆಮ್ಮನ್ನೂ ಕೆಮ್ಮಿಬಿಟ್ಟಿದ್ದಳಲ್ಲ, ಗೊತ್ತಿದ್ದೂ ನೀ ಯಾಕ ಎತ್ತಿದೆಬೇ ಅಂತ ಕೇಳಿದಳು, ಗಾಳೆಮ್ಮ ನಗಲಿಲ್ಲ, ನಾ ಕೆಮ್ಮಿಗಿ ಎತ್ತಲಿಲ್ರಿ, ನೀರಿಗಿ ಎತ್ತೇನಿ, ಅಂದಳು, ಅಂದು ಹೋದಳು. ಆ ಮಾತು ಮುಳ್ಳಿನಂತೆ ಎಲ್ಲೋ ಮುರಿದುಕೊಂಡು ಉಳಿದಿದೆ, ಉಳಿದ ಹೆಂಗಸರು ಕೆಮ್ಮಿಗೇ ಎತ್ತಿದ್ದರಲ್ಲ, ಅವರ ಮಟ್ಟಿಗೆ ಹುಕುಂ ಕೊಡುವ ಗಂಡನ ಜಾಗಕ್ಕೆ ತಾನು ಬಂದಳಷ್ಟೇ. ಹೆಸರಂತೂ ಆಯಿತು, ಕೇರಿಗೆ ನೀರು ತಂದ ಪ್ರಧಾನಮ್ಮ ಅಂತ ಕುಷ್ಟಗಿ, ಯಲಬುರ್ಗಾದವರೆಗೆ ಕರೆದು ಹಾರ ಹಾಕಿದರು, ಗಂಗಾವತಿಯಲ್ಲಿ ಮೈಕು ಕೊಟ್ಟರು, ಮೈಕಿನ ಮುಂದೆ ನಿಂತರೆ ಬಾಯಿಗೆ ಯಾರು ಯಾರೋ ಬರುತ್ತಿದ್ದರು, ಮಂತ್ರಿಗಳ ಹಾಗೆ ಕೈ ಬೀಸಿ, ಸ್ವಾಮಿಗಳ ಹಾಗೆ ಎಳೆದು, ಜನ ಚಪ್ಪಾಳೆ ತಟ್ಟಿದರು, ಮಂಡಲ ಹೋಗಿ ತಾಲ್ಲೂಕು ಪಂಚಾಯ್ತಿ ಬಂತು, ಅಲ್ಲಿಯೂ ಗೆದ್ದಳು, ಭಾಷಣ ಅಂದರ ಗುರುಲಿಂಗಮ್ಮಂದು ಅಂದರು, ಆದರೆ ಮನೆಗೆ ಬಂದು ಒಬ್ಬಳೇ ಕುಂತಾಗ ಹುಡುಕುತ್ತಿದ್ದಳು, ಇಷ್ಟು ದನಿಗಳಲ್ಲಿ ತನ್ನದು ಯಾವುದು, ಅಡುಗೆಮನೆಯಲ್ಲಿ ಬೆಕ್ಕನ್ನು ಓಡಿಸುವಾಗ ಬರುವುದೇ ಇರಬೇಕು. ಆಮೇಲೆ ಸೀಟು ಮೀಸಲಾತಿಯಲ್ಲಿ ತಿರುಗಿತು, ಪಾರ್ಟಿಯವರು ಮುಖ ತಿರುಗಿಸಿದರು, ದೊಡ್ಡಬಸಪ್ಪ ಹಾಸಿಗೆ ಹಿಡಿದ, ಹುಬ್ಬಳ್ಳಿಯ ದವಾಖಾನೆಯಲ್ಲಿ ಅವನು ನಿಜವಾಗಿ ಕೆಮ್ಮಿದ, ಎದೆ ಒಡೆಯುವಂತೆ, ಪ್ರತಿ ಕೆಮ್ಮಿಗೂ ಪಕ್ಕದ ಸ್ಟೂಲಿನ ಮೇಲೆ ಕುಂತ ಇವಳ ಕೈ ಅದುರುತ್ತಿತ್ತು, ಅವನು ಅದನ್ನು ನೋಡಿಬಿಟ್ಟ, ಕೈ ಕೆಳಗಿಳಸಬೇ, ಇದು ನಂದ, ಠರಾವಿಂದಲ್ಲ, ಅಂದ, ಆ ಬ್ಯಾನಿಯಲ್ಲೂ ನಕ್ಕ, ನನ್ನ ಕೆಮ್ಮು ನನಗಿಂತ ನೀನ ಛಲೋ ಕೆಮ್ಮತಿದ್ದಿ, ಅಂದ, ಗೊತ್ತಿತ್ತು ಅವನಿಗೆ, ಅಷ್ಟು ವರ್ಷ ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲ.

ಬೂದಗುಂಪಾ ಕ್ರಾಸು ಹೋಯಿತು, ಗಿಣಿಗೇರಿಯ ಚಿಮಣಿಗಳು ಹೋದವು, ಕೊಪ್ಪಳದ ಗುಡ್ಡ ಕಂಡಿತು, ಕಲ್ಲಿನ ಕೋಟೆ ಬಿಸಿಲಿಗೆ ಬೆನ್ನು ಕೊಟ್ಟು ಕುಂತಿದೆ, ಇನ್ನು ಹೆಚ್ಚು ಹೊತ್ತಿಲ್ಲ, ಹೆಚ್ಚು ಹೊತ್ತಿಲ್ಲ, ಐಶ್ವರ್ಯ ಪಕ್ಕಕ್ಕೆ ಬಂದು ಕುಂತು ಥರ್ಮಾಸಿನಿಂದ ಬಿಸಿನೀರು ಬಗ್ಗಿಸಿ ಕೊಟ್ಟಳು, ಅತ್ತೀ ಕುಡೀರಿ, ಗಂಟಲಾ ಹಿಡದೈತಿ. ಕೆಟ್ಟವಳಲ್ಲ ಇವಳು, ಬಿ.ಎ. ಓದಿದ್ದಾಳೆ, ನಿನ್ನೆ ತುಂಗಭದ್ರೆಯ ಕಲ್ಲಿನ ಮೇಲೆ ಕುಂತಾಗ ಕೇಳಿದ್ದಳು, ಗಾಳೆಮ್ಮಾಯಿ ಒಬ್ಬಾಕೀನ ಹೆಣ್ಣಮಗಳೇನ್ರಿ, ನನಗೂ ಆ ಕುರ್ಚಿ ಮ್ಯಾಲ ಕುಂದ್ರಬೇಕು ಅನಸೂದಿಲ್ಲೇನು, ನೀವು ಪ್ರಧಾನರಾಗೂ ಮುಂದ ಯಾರನ್ನ ಕೇಳಿದ್ರಿ. ಕೇಳಿರಲಿಲ್ಲ, ಹೇಳಿದ್ದರು, ಕುಂತಿದ್ದಳು. ನೀ ಕುಂತರ ಡಾಂಗಲ್ ಯಾರ ಕಿಸೇದಾಗ ಇರತೇತವ್ವಾ ಅಂತ ಇವಳು ಕೇಳಿದ್ದಕ್ಕೆ ಐಶ್ವರ್ಯ ನೀರಿಗೆ ಒಂದು ಹರಳು ಒಗೆದಳು, ಮೊದ್ಲ ಕುಂದ್ರತೀನ್ರಿ, ಕಿಸೇದ ಜಗಳ ಆಮ್ಯಾಲ ಮಾಡತೀನಿ, ಅಂದಳು. ಗಾಡಿ ಹೊರಡುವ ಹಿಂದಿನ ದಿನ ಗಾಳೆಮ್ಮ ಬಂದಿದ್ದಳು, ಈಗಲೂ ಹಿತ್ತಲಿಗೇ, ಅಧ್ಯಕ್ಷೆಯಾದರೂ ಮುಂಬಾಗಿಲಿಗೆ ಬರಲಿಲ್ಲ, ಪಂಪಾಪತಿ ಇರದ ಹೊತ್ತು ನೋಡಿ, ಕಟ್ಟೆಗೆ ಕುಂತು ಚಂಚಿ ಬಿಚ್ಚಿ ಒಂದು ಎಲೆಗೆ ಸುಣ್ಣ ಹಚ್ಚಿ ಕೊಟ್ಟಳು, ಡಾಂಗಲ್ಲು ಅಡಿಕೆಯ ನಡುವೆ ಕರ್ರಗೆ ಕಂಡಿತು. ನನ್ನ ಉಳಸ್ರಿ ಅಂತ ಕೇಳಾಕ ಬಂದಿಲ್ರಿ ಅಕ್ಕಾರ, ಅಂದಳು, ಮನೀ ಮಂದಿ ನಿಮಗ ಬೇಕು, ಅದು ನನಗ ತಿಳೀತೈತಿ, ಎತ್ತೂದಿದ್ರ ಎತ್ರಿ, ಆದರ ಕಿಟಕಿ ಕಡಿ ನೋಡಿ ಎತ್ತಬ್ಯಾಡ್ರಿ, ನನ್ನ ಮಾರಿ ನೋಡಿ ಎತ್ರಿ, ಅಷ್ಟ. ಅಷ್ಟ, ಅಂತೆ! ಅಷ್ಟಕ್ಕಿಂತ ದೊಡ್ಡದನ್ನು ಕೇಳಲು ಬರುತ್ತದೆಯೇ, ಉಳಸ್ರಿ ಅಂತ ಕಾಲಿಗೆ ಬಿದ್ದಿದ್ದರೆ ಸುಲಭವಿತ್ತು, ಆಗೂದಿಲ್ಲಬೇ ಅನ್ನಬಹುದಿತ್ತು.

ಗಾಡಿ ನಿಂತಿತು. ಪಂಚಾಯ್ತಿಯ ಹೊಸ ಕಟ್ಟಡ, ಗುಲಾಬಿ ಬಣ್ಣ, ಮುಂದೆ ಪೊಲೀಸರಿಬ್ಬರು, ಬೇವಿನ ಗಿಡದ ಕೆಳಗೆ ಬಾಲಪ್ಪ ನೆಲಕ್ಕೆ ಕುಂತಿದ್ದಾನೆ, ಸುತ್ತ ಪಂಪಾಪತಿಯ ಮಂದಿ, ಕೊಡಸೋ ಮಾರಾಯಾ ಡಾಂಗಲ್ಲು ಅಂತ ಒಬ್ಬ, ಅದು ಆಕಿ ಚಂಚ್ಯಾಗ ಐತ್ರಿ, ನನಗ ಎಲಿ ಅಡಕಿ ಬೇಕಾದರೂ ಆಕೀನ ಕೇಳಬೇಕು ನಾನು, ಅಂತ ಬಾಲಪ್ಪ, ಅವನ ಮುಖದಲ್ಲಿ ನಾಚಿಕೆಯೂ ಇದೆ, ಎಲ್ಲೋ ಒಂದಿಷ್ಟು ಹೆಮ್ಮೆಯೂ ಇದೆ. ಒಳಗೆ ಉದ್ದನೆಯ ಟೇಬಲ್ಲು, ಹಸಿರು ಬಟ್ಟೆ, ಜಮಖಾನದ ಕಾಲ ಹೋಯಿತು, ಎಲ್ಲರಿಗೂ ಕುರ್ಚಿ, ಗಾಳೆಮ್ಮ ಕಿಟಕಿಗೆ ಬೆನ್ನು ಹಾಕಿ ಕುಂತಿದ್ದಾಳೆ, ತಲೆ ನರೆತಿದೆ, ಮೈ ಮಾತ್ರ ಅದೇ ಕಬ್ಬಿಣ, ಗುರುಲಿಂಗಮ್ಮನಿಗೆ ಸಿಕ್ಕ ಕುರ್ಚಿ ಸರಿಯಾಗಿ ಅವಳ ಎದುರು, ಬೇರೆ ಕುರ್ಚಿ ಇಲ್ಲ, ನೋಡಿದಳು, ಇಲ್ಲ. ಅವಳ ತಲೆಯ ಮೇಲುಗಡೆಗೆ ಕಿಟಕಿ, ಕಿಟಕಿಯಲ್ಲಿ ಮಗ, ಅವನ ಹಿಂದೆ ಹನುಮಂತಮ್ಮನ ಗಂಡ ಗೋಣೆಪ್ಪ, ಉಳಿದವರು, ಎಲ್ಲರೂ ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ, ಕೇಳಿಸುತ್ತಿದೆ. ಎ.ಸಿ. ಸಾಹೇಬರು ಬಂದರು, ಅಸಿಸ್ಟೆಂಟ್ ಕಮಿಷನರು, ಹರೆಯದವರು, ಎಲ್ಲರೂ ಎದ್ದು ಕುಂತರು, ಸಾಹೇಬರಿಗೆ ಬೆವರು, ಪಂಚಾಯ್ತಿಯ ಸಿಪಾಯಿ ಓಡಿಬಂದ, ಎ.ಸಿ. ಸಾಹೇಬರು ಬಂದಮೇಲೆ ಎ.ಸಿ. ಹಚ್ಚದೆ ಇರುವುದುಂಟೇ, ರಿಮೋಟು ಒತ್ತಿದ, ತಂಪು ಹೊರಗ ಹೊಕ್ಕೈತ್ರಿ ಅಂತ ಒಂದೊಂದೇ ಕಿಟಕಿಯ ಗಾಜು ಸರ್ರನೆ ಎಳೆದ, ಸರ್ರ್, ಸರ್ರ್, ದಪ್ಪ ಗಾಜು, ಈ ಕಟ್ಟಡದ ಗುತ್ತಿಗೆ ಪಂಪಾಪತಿಯದೇ, ಗಾಜಿನಲ್ಲಿ ಮಾತ್ರ ಅವನು ಯಾವ ಕಳ್ಳಾಟವನ್ನೂ ಆಡಿಲ್ಲ—ಹೊರಗಿನ ಊರು ಒಮ್ಮೆಲೇ ಮೂಕವಾಯಿತು. ಬೇವಿನ ಗಿಡ ಅಲ್ಲಾಡುತ್ತಿದೆ, ಸದ್ದಿಲ್ಲ, ಪೊಲೀಸನ ಬೈಕು ಹೊಗೆ ಬಿಟ್ಟಿತು, ಸದ್ದಿಲ್ಲ.

ಸಾಹೇಬರು ನಿರ್ಣಯ ಓದಿದರು, ಅಧ್ಯಕ್ಷರ ಮೇಲೆ ವಿಶ್ವಾಸವಿಲ್ಲವೆಂದು, ಪರವಾಗಿ ಇರುವವರು ಕೈ ಎತ್ತಿ, ಅಂದರು, ಗಂಡಸರ ಕೈಗಳು ಮೇಲೆದ್ದವು, ಗಡಿಯಾರದ ಕೈಗಳು, ಉಂಗುರದ ಕೈಗಳು, ಹೆಂಗಸರ ಕೈ ಏಳಲಿಲ್ಲ, ಕಾಯುತ್ತಿವೆ, ಹನುಮಂತಮ್ಮ ಕಿವಿಯ ಮೇಲಿನ ಸೆರಗು ಸರಿಸಿದಳು, ಪಾರಮ್ಮ ಕಿಟಕಿಯತ್ತ ಕತ್ತು ಚಾಚಿದಳು, ಗಾಜಿನಾಚೆ ಪಂಪಾಪತಿಯ ಬಾಯಿ ತೆರೆಯಿತು, ಮುಚ್ಚಿತು, ಕೆಮ್ಮಿದ, ಕೆಮ್ಮಿರಬೇಕು, ಒಂದೋ, ಎರಡೋ, ಏನೂ ತಿಳಿಯದು, ಸಾಹೇಬರ ಕಣ್ಣೆದುರು ಕೈಸನ್ನೆ ಮಾಡುವಂತೆಯೂ ಇಲ್ಲ, ತಣ್ಣಗಾದ ಗಾಜಿನ ಮೇಲೆ ಅವನ ಉಸಿರು ಹತ್ತಿ ಬಾಯಿ ಇದ್ದಲ್ಲಿ ಒಂದು ಬಿಳಿ ಮಬ್ಬು ಮೂಡಿತು, ರೊಟ್ಟಿಯಷ್ಟು ದುಂಡಗೆ, ಮೆಲ್ಲಗೆ ಅಂಚಿನಿಂದ ಕರಗಿತು, ಮತ್ತೆ ಬಾಯಿ ತೆರೆಯಿತು, ಮತ್ತೆ ಮಬ್ಬು. ಈಗ ಹೆಂಗಸರು ಕಿಟಕಿ ಬಿಟ್ಟು ಇವಳ ಕಡೆ ತಿರುಗಿದರು, ನಾಲ್ವರೂ, ಹಳೆಯ ಪ್ರಧಾನರಲ್ಲವೇ, ಅವರು ಎತ್ತಿದರೆ ಎತ್ತುವುದು, ಕೆಮ್ಮು ಇಲ್ಲದ ಮೇಲೆ ಇವರೇ ಕೆಮ್ಮು, ಅಯ್ಯೋ ಶಿವನೇ, ಮತ್ತು ಗಂಟಲಲ್ಲಿ ಅದು ಏರುತ್ತಿದೆ, ಬೆಳಗಿನಿಂದ ಕೆರೆಯುತ್ತಿದ್ದದ್ದು, ಎ.ಸಿ.ಯ ತಂಪಿಗೆ ಕೊಕ್ಕೆ ಹಾಕಿ ಏರುತ್ತಿದೆ, ಬಂದರೆ ಯಾರದಾದರೂ ಆಗಿ ಬರುತ್ತದೆ, ಗೋಣೆಪ್ಪನ ಕೆಮ್ಮು ಬರುತ್ತದೆ ಇವಳಿಗೆ, ಪಾರಮ್ಮನ ಮಗನದೂ ಬರುತ್ತದೆ, ಸೈದಾನಬಿಯ ಗಂಡ ಕೆಮ್ಮುವ ಮೊದಲು ಯಾ ಅಲ್ಲಾ ಅನ್ನುತ್ತಾನೆ, ಅದೂ ಬರುತ್ತದೆ, ಸೆರಗು ಎಳೆದು ತಲೆ ತಗ್ಗಿಸಿ ಎರಡೆರಡು ಕೆಮ್ಮಿದರೆ ಮುಗಿಯಿತು, ಯಾವ ಕೈಯೂ ಏಳುವುದಿಲ್ಲ, ಗಾಳೆಮ್ಮ ಉಳಿಯುತ್ತಾಳೆ, ಮಗನಿಗೆ ನೀನ ಕೆಮ್ಮಿದೆಲ್ಲಪಾ, ನಾ ಏನ್ ಮಾಡ್ಲಿ, ಅನ್ನಬಹುದು, ಹೊಸ್ತಿಲೂ ಉಳಿಯುತ್ತದೆ, ಎಷ್ಟು ಸಸಾರ, ಅವಿಶ್ವಾಸಕ್ಕೆ ಬೇಕಾದದ್ದು ಒಂದಿಷ್ಟು ಶ್ವಾಸ ಅಷ್ಟೇ. ಎದುರಿಗೆ ಗಾಳೆಮ್ಮ ನೋಡುತ್ತಿದ್ದಳು. ಬೇಡುವ ನೋಟವಲ್ಲ, ಬೇಡ ಅನ್ನುವ ನೋಟ. ಗುರುಲಿಂಗಮ್ಮ ಕೆಮ್ಮನ್ನು ನುಂಗಿದಳು, ಬಿಸಿ ಕೆಂಡ ನುಂಗಿದಂತೆ, ಕಣ್ಣಲ್ಲಿ ನೀರು ಬಂತು, ಬಾಯಿ ತೆರೆದಳು, ಏನ್ರವ್ವಾ ನನ್ನ ಕಡಿ ಏನ್ ನೋಡ್ತೀರಿ—ಯಾರು ಮಾತಾಡಿದ್ದು, ಒಣಗಿದ ದನಿ, ಸೀಳಿದ ದನಿ, ಇದು ಯಾರದೂ ಅಲ್ಲ—ಗಾಜು ಮುಚ್ಚೇತಿ, ಇವತ್ತ ಯಾರ ಕೆಮ್ಮೂ ಬರೂದಿಲ್ಲ, ನಿಮ್ಮ ನಿಮ್ಮ ಕೈ ನಿಮಗ ಬಿಟ್ಟೇತಿ. ಸಾಹೇಬರಿಗೆ ಅರ್ಥವಾಗಲಿಲ್ಲ, ಅಮ್ಮಾ ಶಾಂತವಾಗಿರಿ, ಅಂದರು. ಐಶ್ವರ್ಯ ಅತ್ತೆಯನ್ನು ನೋಡಲಿಲ್ಲ, ಕಿಟಕಿಯನ್ನೂ ನೋಡಲಿಲ್ಲ, ಕೈ ಎತ್ತಿದಳು, ನೆಟ್ಟಗೆ, ಭಲೆ ಅನ್ನಿಸಿತು ಆ ಗಳಿಗೆಯಲ್ಲಿಯೂ. ಪಾರಮ್ಮ ತುಟಿ ಕಚ್ಚಿ ಎಣಿಕೆ ಹಾಕಿ, ಸರಕಾರಿ ಮನೀ ಕೇಳಿದರ ಕೊಡಲಿಲ್ಲಬೇ ನೀನು ನನಗ, ಅಂತ ಗಾಳೆಮ್ಮನಿಗೇ ಹೇಳಿ ಎತ್ತಿದಳು. ಹನುಮಂತಮ್ಮ ಎತ್ತಲಿಲ್ಲ. ಸೈದಾನಬಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಳು. ಸಾಹೇಬರ ಪೆನ್ನು ಎಣಿಸುತ್ತ ಬಂತು, ಬಂದು ಇಲ್ಲಿ ನಿಂತಿತು, ಇನ್ನೊಂದು ಬೇಕು, ಅದು ಇದೇ, ಅಮ್ಮಾ, ನೀವು?

ನನ್ನ ಮಾರಿ ನೋಡಿ ಎತ್ರಿ ಅಂದಿದ್ದಳು, ನೋಡಿದಳು, ಗಾಳೆಮ್ಮನ ಮುಖ, ಎಲೆ ಅಡಿಕೆಯ ಕೆಂಪು ತುಟಿ, ಹಣೆಯ ಮೇಲೆ ಕೊಡದ ಸಿಂಬಿ ಒತ್ತಿದ ಗುರುತು, ಮತ್ತು ಅದೇ ನೇರಕ್ಕೆ, ಅದೇ ಎತ್ತರಕ್ಕೆ, ಗಾಜಿಗೆ ಒತ್ತಿದ ಆ ಬಾಯಿ, ಒಂದನ್ನು ನೋಡಿದರೆ ಇನ್ನೊಂದನ್ನು ನೋಡದೆ ಇರಲಾಗದು, ಎರಡೂ ಒಂದೇ ಚೌಕಟ್ಟಿನಲ್ಲಿ, ಬಲಗೈ ಮಡಿಲಲ್ಲಿ ಬಿದ್ದಿದೆ, ಹಿಡಿದುಕೊಂಡಿಲ್ಲ ಅದನ್ನು, ಎಡಗೈ ಎಲ್ಲೋ ದೂರ ಟೇಬಲ್ಲಿನ ಮೇಲಿದೆ, ಯಾರೂ ಹಿಡಿದುಕೊಂಡಿಲ್ಲ, ಆದರೂ ಅದು ಏಳುತ್ತಿಲ್ಲ. ಬರ್ಕೊಳ್ರಿ ಸಾಹೇಬ್ರ, ಅಂದಳು ಆ ಸೀಳು ದನಿಯಲ್ಲಿ, ಎತ್ತಿಲ್ಲ. ಸಾಹೇಬರು ಬರೆದರು, ನಿರ್ಣಯ ಬಿದ್ದಿದೆ ಅಂದರು, ಕುರ್ಚಿಗಳು ಸರಿದವು, ಯಾರೋ ಬೈದರು, ಯಾರೋ ನಕ್ಕರು, ಚಂಚಿಯ ದಾರ ಬಿಚ್ಚಿದ ಸದ್ದು, ಸಂಜೆ ಎಲ್ಲಿ, ಯಾರ ಒಲೆ, ಹಾಸಿಗೆ ಎಲ್ಲಿ, ಬಟ್ಟೆಯ ಚೀಲ ಗಾಡಿಯಲ್ಲೇ ಇದೆ, ಅದು ಅವನ ಗಾಡಿ—ಹೊರಗೆ ಉಳಿದವರೆಲ್ಲ ಕಿಟಕಿ ಬಿಟ್ಟು ಹೋಗಿದ್ದಾರೆ, ಅವನೊಬ್ಬ ನಿಂತಿದ್ದಾನೆ, ಬಾಯಿ ತೆರೆಯುತ್ತಿದೆ, ಇದು ಕೆಮ್ಮಲ್ಲ, ಕೆಮ್ಮಿಗೆ ಬಾಯಿ ಹೀಗೆ ಅಗಲವಾಗುವುದಿಲ್ಲ, ಬಯ್ಯುತ್ತಿದ್ದಾನೋ, ಅವ್ವಾ ಅನ್ನುತ್ತಿದ್ದಾನೋ, ಇವಳ ತುಟಿ ತನಗೆ ತಾನೇ ಆ ಬಾಯಿಯ ಹಾಗೆ ಆಗಿ ನೋಡಿತು, ಆದರೂ ತಿಳಿಯಲಿಲ್ಲ, ಮಬ್ಬು ಮೂಡಿತು, ಬಾಯಿ ಮುಚ್ಚಿಹೋಯಿತು, ಮಬ್ಬು ಕರಗಿತು, ಬಾಯಿ ಇದೆ, ತೆರೆದಿದೆ, ಗಾಜು, ಮಬ್ಬು, ರೊಟ್ಟಿಯಷ್ಟು ದುಂಡಗೆ, ಬಾಯಿ, ಮಬ್ಬು